ಕಬ್ಬಾ ಬಗ್ಗೆ ನೀವು ಕಳ್ಸಿದ ಲೇಖನಕ್ಕೆ ಉತ್ತರ

ನಮಸ್ಕಾರ,

ಸಿಯೆರಾ ಲಿಯೋನ್ ಅಧ್ಯಕ್ಷರಾಗಿದ್ದ ಅಹ್ಮದ್ ತೇಜಾನ್ ಕಬ್ಬಾ ಬಗ್ಗೆ ನೀವು ಕಳ್ಸಿದ ‘ಶಾಂತಿಯ ಶಿಲ್ಪಿ’ ಪೂರ್ತಿ ಓದಿದೆ. ಸುತ್ತಿ ಬಳಸಿ ಹೇಳೋದು ಬೇಡ, ಈಗಿರೋ ಹಾಗೆ ಇದನ್ನ ಹಾಕೋಕಾಗಲ್ಲ. ಆದ್ರೆ ದಯವಿಟ್ಟು ಕೈಬಿಡ್ಬೇಡಿ. ಕನ್ನಡದಲ್ಲಿ ಪಶ್ಚಿಮ ಆಫ್ರಿಕಾದ ರಾಜಕಾರಣದ ಬಗ್ಗೆ ಬರೆಯೋರೇ ಕಡಿಮೆ, ಬರೆದ್ರೂ ವಜ್ರ, ಬಾಲಸೈನಿಕರು, ಬಡತನ ಅಂತ ಅಷ್ಟಕ್ಕೇ ನಿಂತುಬಿಡುತ್ತೆ, ನೀವು ಒಬ್ಬ ಮನುಷ್ಯನ ಜೀವನ ಹಿಡ್ಕೊಂಡು ಹೊರಟಿದ್ದೀರಿ, ಅದು ನಂಗೆ ತುಂಬಾ ಇಷ್ಟ ಆಯ್ತು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೊದಲ್ನೇದು, ಅರ್ಧ ಲೇಖನ ಬಯೋಡೇಟಾ ಆಗಿದೆ. 1932ರಲ್ಲಿ ಪೆಂಡೆಂಬುನಲ್ಲಿ ಹುಟ್ಟಿದ್ದು, ಮುಸ್ಲಿಂ ಹುಡುಗ ಕ್ಯಾಥೊಲಿಕ್ ಶಾಲೆಲಿ ಓದಿದ್ದು, ವೇಲ್ಸ್‌ನಲ್ಲಿ ಅರ್ಥಶಾಸ್ತ್ರ, ಲಂಡನ್‌ನಲ್ಲಿ ಕಾನೂನು, ಆಮೇಲೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಲೆಸೊಥೋ, ತಾಂಜಾನಿಯಾ, ಉಗಾಂಡ ಅಂತ ಒಂದೊಂದೇ ಪೋಸ್ಟಿಂಗು. ಇಷ್ಟು ಓದಿದ್ರೂ ರಾಜಕೀಯ ಇನ್ನೂ ಶುರುವೇ ಆಗಿಲ್ಲ. ಅರವತ್ತು ವಯಸ್ಸಾಗೋವರೆಗೂ ಫೈಲು ನೋಡ್ಕೊಂಡಿದ್ದ ಅಧಿಕಾರಿ, 1992ರಲ್ಲಿ ಊರಿಗೆ ವಾಪಸ್ ಬರೋ ಹೊತ್ತಿಗೆ ಅಲ್ಲಿ ಸರ್ಕಾರ ನಡೆಸ್ತಿದ್ದಿದ್ದು 25 ವರ್ಷದ ಕ್ಯಾಪ್ಟನ್ ವ್ಯಾಲೆಂಟೈನ್ ಸ್ಟ್ರಾಸರ್, ಅಂತ ಒಂದೇ ಸಾಲಲ್ಲಿ ಮುಗಿಸಿ ಮುಂದಕ್ಕೆ ಹೋಗಿ.

ಎರಡನೇದು ಇದಕ್ಕಿಂತ ದೊಡ್ಡದು. ನಿಮ್ಮ ಲೇಖನದಲ್ಲಿ ಘಟನೆ ಇದೆ, ಘಟನೆಗಳ ಮಧ್ಯೆ ದಾರ ಇಲ್ಲ. ನನ್ನ ಪ್ರಕಾರ ಆ ದಾರ ಏನಂದ್ರೆ ಕಬ್ಬಾ ಕೈಯಲ್ಲಿ ಒಂದು ಸೇನೆ ಅಂತ ಯಾವತ್ತೂ ಇರ್ಲಿಲ್ಲ. ಅವರ ಒಳ್ಳೆ ನಿರ್ಧಾರ, ಕೆಟ್ಟ ನಿರ್ಧಾರ ಎರಡೂ ಅಲ್ಲಿಂದಾನೇ ಹುಟ್ಟಿದ್ದು.

1996ರ ಚುನಾವಣೆನೇ ತಗೊಳ್ಳಿ. ಜನ ವೋಟ್ ಹಾಕ್ಬಾರ್ದು ಅಂತ, ಸರ್ಕಾರದ ವಿರುದ್ಧ ಯುದ್ಧ ಮಾಡ್ತಿದ್ದ ಆರ್‌ಯುಎಫ್ (ರೆವಲ್ಯೂಷನರಿ ಯುನೈಟೆಡ್ ಫ್ರಂಟ್) ಬಂಡುಕೋರರು ಹಳ್ಳಿಗಳಲ್ಲಿ ಕೈ ಕತ್ತರಿಸ್ತಿದ್ರು, ಆದ್ರೂ ಜನ ಬಂದು ವೋಟ್ ಹಾಕಿದ್ರು, ಮಾರ್ಚ್‌ನ ಎರಡನೇ ಸುತ್ತಲ್ಲಿ ಕಬ್ಬಾಗೆ ಹೆಚ್ಚುಕಡಿಮೆ 60% ಬಂತು. ಇದನ್ನ ನೀವು ‘ಅಭೂತಪೂರ್ವ ಜನಾದೇಶ’ ಅಂತ ಎರಡು ಪದದಲ್ಲಿ ಮುಗಿಸಿದ್ದೀರಿ! ಗೆದ್ದವರ ಕೈಗೆ ಸಿಕ್ಕಿದ ಸೇನೆ ಎಂಥದ್ದು ಅಂದ್ರೆ, ಹಗಲು ಸೈನಿಕರು ರಾತ್ರಿ ಬಂಡುಕೋರರು ಅಂತ ಜನಾನೇ ಆಡ್ಕೋತಿದ್ರು. ಹಾಗಾಗಿ ಕಬ್ಬಾ ಸರ್ಕಾರ ಕಮಾಜೋರ್ ಅನ್ನೋ ಬೇಟೆಗಾರರ ಪಡೆ ಮೇಲೆ ಭಾರ ಹಾಕ್ತು, ಅವರ ನಾಯಕ ಹಿಂಗಾ ನಾರ್ಮನ್ ಉಪ ರಕ್ಷಣಾ ಮಂತ್ರಿ. ಸೈನಿಕರಿಗೆ ಹೊಟ್ಟೆ ಉರೀದೇ ಇರುತ್ತಾ? ಅದರ ಮೇಲೆ ಅವರಿಗೆ ಸಿಗ್ತಿದ್ದ ಸಬ್ಸಿಡಿ ಅಕ್ಕಿ ಕಮ್ಮಿ ಮಾಡೋ ಮಾತು ಬಂತು. ಬಂಡುಕೋರರ ಜೊತೆ ಆಗಿದ್ದ ಅಬಿಜಾನ್ ಶಾಂತಿ ಒಪ್ಪಂದದ ಪ್ರಕಾರ, ಸರ್ಕಾರದ ಪರ ಇದ್ದ ದಕ್ಷಿಣ ಆಫ್ರಿಕಾದ ಬಾಡಿಗೆ ಪಡೆ ಎಕ್ಸಿಕ್ಯುಟಿವ್ ಔಟ್‌ಕಮ್ಸ್ ಕೂಡ ಅಷ್ಟೊತ್ತಿಗೆ ಹೊರಟುಹೋಗಿತ್ತು. 1997ರ ಮೇ 25ಕ್ಕೆ ಸೈನಿಕರು ಪಡೆಂಬಾ ರೋಡ್ ಜೈಲು ಒಡೆದು, ಹಿಂದಿನ ಸಂಚಿನ ಆರೋಪದಲ್ಲಿ ಒಳಗಿದ್ದ ಮೇಜರ್ ಜಾನಿ ಪಾಲ್ ಕೊರೋಮಾನ ಹೊರಗೆ ಕರ್ಕೊಂಬಂದು ಕುರ್ಚಿ ಮೇಲೆ ಕೂರಿಸಿದ್ರು, ಅಧ್ಯಕ್ಷರು ಪಕ್ಕದ ಗಿನಿ ದೇಶದ ಕೊನಾಕ್ರಿಗೆ ಓಡ್ಬೇಕಾಯ್ತು.

ಈ ಜಾಗದಲ್ಲಿ ನೀವು ಬರ್ದಿರೋದು ‘ಅನಿವಾರ್ಯ ಕಾರಣಗಳಿಂದ ಅವರು ತಾತ್ಕಾಲಿಕವಾಗಿ ದೇಶ ತೊರೆದರು’ ಅಂತ. ಲೇಖನ ಶುರುವಾಗ್ಬೇಕಾಗಿರೋದೇ ಇಲ್ಲಿಂದ ಕಣ್ರೀ! ದೇಶಭ್ರಷ್ಟ ಸರ್ಕಾರ ಹತ್ತು ತಿಂಗಳು ಹೇಗೆ ಉಸಿರಾಡ್ತು ಅಂತ ಬರೀರಿ. ರಾಜಧಾನಿ ಫ್ರೀಟೌನ್‌ನಿಂದ ನೀರು ದಾಟಿದ್ರೆ ಸಿಗೋ ಲುಂಗೀ ವಿಮಾನ ನಿಲ್ದಾಣ ನೈಜೀರಿಯಾ ಸೈನ್ಯದ ಕೈಲಿತ್ತು, ಅಲ್ಲಿಂದ 98.1 ಎಫ್‌ಎಂ ರೇಡಿಯೊ ಡೆಮಾಕ್ರಸಿ ನಡೀತಿತ್ತು, ನಮ್ಮ ಸರ್ಕಾರ ಇನ್ನೂ ಇದೆ ಅಂತ ಫ್ರೀಟೌನ್ ಜನಕ್ಕೆ ಗೊತ್ತಾಗ್ತಿದ್ದಿದ್ದು ಆ ದನಿಯಿಂದ. ಕಬ್ಬಾನ 1998ರ ಮಾರ್ಚ್‌ನಲ್ಲಿ ವಾಪಸ್ ಕರ್ಕೊಂಡು ಬಂದಿದ್ದು ಯಾರು, ನೈಜೀರಿಯಾದ ಮಿಲಿಟರಿ ಸರ್ವಾಧಿಕಾರಿ ಸಾನಿ ಅಬಾಚಾ. ತನ್ನ ದೇಶದಲ್ಲಿ ಚುನಾಯಿತ ನಾಯಕನ್ನ ಜೈಲಲ್ಲಿಟ್ಟವನು ಪಕ್ಕದ ದೇಶಕ್ಕೆ ಪ್ರಜಾಪ್ರಭುತ್ವ ವಾಪಸ್ ಕೊಡಿಸಿದ. ನೀವು ಅಬಾಚಾ ಹೆಸರೇ ಎತ್ತಿಲ್ಲ.

ಇನ್ನು ‘ಕ್ಷಮಾಮೂರ್ತಿ’ ಅನ್ನೋ ವಿಶೇಷಣ. ವಾಪಸ್ ಬಂದ ವರ್ಷಾನೇ, ಅಕ್ಟೋಬರ್ 19ಕ್ಕೆ, ದಂಗೆಯಲ್ಲಿದ್ದ 24 ಸೈನಿಕರನ್ನ ಫ್ರೀಟೌನ್ ಹತ್ರ ಸಾರ್ವಜನಿಕವಾಗಿ ಗುಂಡಿಟ್ಟು ಕೊಂದ್ರು, ಅದರಲ್ಲಿ ಒಬ್ಬ ಹೆಂಗಸೂ ಇದ್ರು. ಕೋರ್ಟ್ ಮಾರ್ಷಲ್ 34 ಜನಕ್ಕೆ ಮರಣದಂಡನೆ ಕೊಟ್ಟಿತ್ತು, ಕಬ್ಬಾ ಹತ್ತು ಜನದ್ದು ಮಾತ್ರ ಜೀವಾವಧಿಗೆ ಇಳಿಸಿದ್ರು. ಆ ಪಟ್ಟಿ ಮುಂದಿಟ್ಕೊಂಡು ಯಾರಿಗೆ ಜೀವ, ಯಾರಿಗೆ ಇಲ್ಲ ಅಂತ ಒಬ್ಬ ಮಾಜಿ ಅಧಿಕಾರಿ ತೀರ್ಮಾನ ಮಾಡ್ತಿದ್ದಾನೆ, ಅದನ್ನ ಓದುಗರಿಗೆ ತೋರಿಸ್ದೆ ಕ್ಷಮಾಮೂರ್ತಿ ಅಂದ್ರೆ ಯಾರು ನಂಬ್ತಾರೆ?

ಅದಾದ ಮೂರೇ ತಿಂಗಳಿಗೆ, 1999ರ ಜನವರಿ 6ಕ್ಕೆ, ಬಂಡುಕೋರರು ಫ್ರೀಟೌನ್‌ಗೇ ನುಗ್ಗಿದ್ರು, ಸಾವಿರಾರು ಜನ ಸತ್ರು. ನೈಜೀರಿಯಾಕ್ಕೆ ಅಷ್ಟೊತ್ತಿಗೆ ಸಾಕಾಗಿತ್ತು, ಅಲ್ಲಿ ಹೊಸದಾಗಿ ಅಧ್ಯಕ್ಷರಾಗಿ ಗೆದ್ದ ಒಬಸಾಂಜೋ ಸೈನ್ಯ ವಾಪಸ್ ಕರೆಸೋ ಮನಸ್ಸಲ್ಲಿದ್ರು. ಜುಲೈನಲ್ಲಿ ಬಂಡುಕೋರರ ಜೊತೆ ಆದ ಲೋಮೆ ಶಾಂತಿ ಒಪ್ಪಂದನ ಈ ಹಿನ್ನೆಲೆಯಲ್ಲೇ ನೋಡ್ಬೇಕು. ಮರಣದಂಡನೆ ಆಗಿದ್ದ ಆರ್‌ಯುಎಫ್ ನಾಯಕ ಫೋಡೆ ಸಾಂಕೋಗೆ ಕ್ಷಮಾದಾನ, ಜೊತೆಗೆ ಉಪಾಧ್ಯಕ್ಷನ ದರ್ಜೆ, ಖನಿಜ ಸಂಪತ್ತಿನ ಆಯೋಗದ ಅಧ್ಯಕ್ಷತೆ. ಕೈ ಕತ್ತರಿಸಿದವರ ನಾಯಕನಿಗೇ ವಜ್ರದ ಉಸ್ತುವಾರಿ. ಇದನ್ನ ನೀವು ಮುತ್ಸದ್ದಿತನ ಅಂತೀರಿ, ಬೇರೆಯವರು ಶರಣಾಗತಿ ಅಂತಾರೆ, ನಂಗೆ ಅನ್ಸೋದು ಸೇನೆ ಇಲ್ಲದ ಅಧ್ಯಕ್ಷರ ಮುಂದೆ ಬೇರೆ ದಾರಿ ತುಂಬಾ ಇರ್ಲಿಲ್ಲ ಅಂತ, ಆದ್ರೆ ಕೈ ಕಳ್ಕೊಂಡವರ ಮುಂದೆ ಆ ಮಾತು ಹೇಳೋಕೆ ನಂಗೂ ಬಾಯಿ ಬರಲ್ಲ. ಈ ಸಂಕಟ ಲೇಖನದಲ್ಲಿ ಬರ್ಬೇಕು. ಒಂದು ವರ್ಷದೊಳಗೆ ಒಪ್ಪಂದ ಮುರಿದು ವಿಶ್ವಸಂಸ್ಥೆಯ ನೂರಾರು ಸೈನಿಕರು ಒತ್ತೆಯಾದ್ರು, ಬ್ರಿಟನ್ ಸೈನ್ಯ ಇಳೀಬೇಕಾಯ್ತು.

ಆಪರೇಷನ್ ಖುಕ್ರಿಗೆ ನೀವು ಮೂರು ಪ್ಯಾರಾ ಕೊಟ್ಟಿದ್ದೀರಿ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದ ನಮ್ಮ ಭಾರತದ ಸೈನಿಕರು ಕೈಲಾಹುನ್‌ನಲ್ಲಿ ಎರಡು ತಿಂಗಳಿಗೂ ಮೇಲೆ ಸುತ್ತುವರಿದಿದ್ದವರನ್ನ ಭೇದಿಸಿ ಹೊರಗೆ ಬಂದಿದ್ದು ದೊಡ್ಡ ವಿಷಯಾನೇ, ಬೇರೆ ಲೇಖನಕ್ಕೆ ಇಟ್ಕೊಳ್ಳಿ. ಇಲ್ಲಿ ಬೇಕಾಗಿರೋದು ನೀವು ಬಿಟ್ಟಿರೋ ಒಂದೇ ಒಂದು ವಿವರ: 2000ದ ಜುಲೈನಲ್ಲಿ ಆ ತುಕಡಿ ದಾರು ಅನ್ನೋ ಊರಿಗೆ ಹೋಗಿದ್ದು ಪೆಂಡೆಂಬು ಮೂಲಕ. ಅಂದ್ರೆ ಅಧ್ಯಕ್ಷರು ಹುಟ್ಟಿದ ಊರು ಬಂಡುಕೋರರ ಕೈಲಿತ್ತು!

ಕೊನೇದಾಗಿ ನಾರ್ಮನ್. 2002ರ ಜನವರಿಯಲ್ಲಿ ಯುದ್ಧ ಮುಗೀತು ಅಂತ ಘೋಷಣೆ, ಮೇ ಚುನಾವಣೆಲಿ ಕಬ್ಬಾಗೆ 70%, ಇಲ್ಲಿಗೆ ನೀವು ಮಂಗಳ ಹಾಡಿದ್ದೀರಿ. ಆದ್ರೆ ಸಾಂಕೋನ ವಿಚಾರಣೆಗೆ ಕೋರ್ಟ್ ಬೇಕು ಅಂತ ವಿಶ್ವಸಂಸ್ಥೆಗೆ ಕಬ್ಬಾನೇ ಪತ್ರ ಬರ್ದಿದ್ರು, ಆ ಕೋರ್ಟೇ 2003ರ ಮಾರ್ಚ್‌ನಲ್ಲಿ ನಾರ್ಮನ್‌ನ ಹಿಡೀತು, ಆಗ ಅವರು ಕಬ್ಬಾ ಸಂಪುಟದಲ್ಲೇ ಗೃಹಮಂತ್ರಿ. ಕಬ್ಬಾ ಸರ್ಕಾರ ಉಳಿಸೋಕೆ ಹೋರಾಡಿದ ಕಮಾಜೋರ್‌ಗಳು ಮಾಡಿದ ದೌರ್ಜನ್ಯ, ಕೊಲೆಗಳಿಗೆ ಉತ್ತರ ಕೊಡ್ಬೇಕಾಗಿದ್ದು ನಿಜ, ಆದ್ರೆ ಆಗ ರಕ್ಷಣಾ ಖಾತೆ ಇದ್ದಿದ್ದು ಅಧ್ಯಕ್ಷರ ಹತ್ರಾನೇ, ಅವರ ಮೇಲೆ ಕೇಸ್ ಬರ್ಲಿಲ್ಲ. ನಾರ್ಮನ್ 2007ರ ಫೆಬ್ರವರಿಯಲ್ಲಿ ತೀರ್ಪು ಬರೋ ಮುಂಚೆ ಸೆನೆಗಲ್‌ನ ಡಾಕರ್‌ನಲ್ಲಿ ತೀರ್ಕೊಂಡ್ರು. ಅದೇ ವರ್ಷ ಕಬ್ಬಾ ಪಕ್ಷ ಸೋತಿದ್ರಲ್ಲಿ ನಾರ್ಮನ್‌ನ ಹೀಗೆ ಕೈಬಿಟ್ರು ಅನ್ನೋ ದಕ್ಷಿಣದ ಜನರ ಸಿಟ್ಟಿನ ಪಾಲೂ ಇದೆ. ಸೋತ ಮೇಲೆ ಗಲಾಟೆ ಮಾಡ್ದೆ ಅಧಿಕಾರ ಬಿಟ್ಕೊಟ್ರು ಅನ್ನೋ ನಿಮ್ಮ ಪ್ಯಾರಾ ಚೆನ್ನಾಗಿದೆ, ಅದನ್ನ ಮುಟ್ಬೇಡಿ.

ಕೊನಾಕ್ರಿ ಭಾಗ, ನಾರ್ಮನ್ ಭಾಗ ಇವೆರಡನ್ನ ಮೊದಲು ಬರ್ದು ಕಳ್ಸಿ, ಉಳಿದಿದ್ದು ಅದರ ಸುತ್ತ ಎಷ್ಟು ಬೇಕು ಅಂತ ಒಟ್ಟಿಗೆ ಕೂತು ನೋಡೋಣ. ಶೀರ್ಷಿಕೆ ಸದ್ಯಕ್ಕೆ ಖಾಲಿ ಬಿಡಿ.