ಶಾಸಕರಿಗೆ ಕೊಟ್ಟ ಮನವಿ ಎಲ್ಲಿ ಹೋಯಿತು?

ಪ್ರಶ್ನೆ: ಹೊಸನಗರ ತಾಲ್ಲೂಕಿನ ಹಳ್ಳದಾಚೆ ನಮ್ಮ ಹನ್ನೆರಡು ಮನೆಗಳಿವೆ. ಮಳೆಗಾಲದಲ್ಲಿ ಮಕ್ಕಳು ಅಡಿಕೆ ಮರದ ಸಂಕ (ಕಿರುಸೇತುವೆ) ದಾಟಿಯೇ ಶಾಲೆಗೆ ಹೋಗಬೇಕು. ಕಾಲುಸಂಕ, ರಸ್ತೆ, ಕರೆಂಟು, ಮೊಬೈಲ್ ಟವರ್ ಕೇಳಿ ಪ್ರತಿ ಜುಲೈನಲ್ಲೂ ಶಾಸಕರಿಗೆ ಮನವಿ ಕೊಡುತ್ತಿದ್ದೇವೆ. ಉತ್ತರವಿಲ್ಲ. ಹೇಗೆ ಬರೆಯಬೇಕು?

ಉತ್ತರ: ಒಂದೇ ಹಾಳೆಯಲ್ಲಿ ನಾಲ್ಕು ಬೇಡಿಕೆ ಇಟ್ಟಿದ್ದೀರಿ, ತೊಡಕು ಅಲ್ಲೇ ಇದೆ. ಶಾಸಕರ ಕಚೇರಿಯಲ್ಲಿ ಮನವಿಯ ಅಂಚಿನಲ್ಲಿ ಒಂದು ಷರಾ (ಟಿಪ್ಪಣಿ) ಬರೆದು ಇಲಾಖೆಗೆ ಕಳಿಸುವುದು ರೂಢಿ. ಕರೆಂಟು ಮೆಸ್ಕಾಂನದು, ಟವರ್ ದೂರಸಂಪರ್ಕ ಕಂಪನಿಯದು, ಸಂಕ ಪಂಚಾಯತ್ ರಾಜ್ ಎಂಜಿನಿಯರಿಂಗ್ ಅಥವಾ ಲೋಕೋಪಯೋಗಿ ಇಲಾಖೆಯದು. ನಾಲ್ಕೂ ಒಟ್ಟಿಗಿದ್ದರೆ ಷರಾ ಯಾರಿಗೆ ಬರೆಯುವುದು? ಸಂಕಕ್ಕೊಂದೇ ಪತ್ರ ಬರೆಯಿರಿ. ಉಳಿದವಕ್ಕೆ ಬೇರೆ ಹಾಳೆ, ಬೇರೆ ದಿನ.

ನಿಮ್ಮ ಶಾಸಕರು ಯಾರೆಂದೂ ಖಚಿತಪಡಿಸಿಕೊಳ್ಳಿ. 2008ರ ಮರುವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರವೇ ಇಲ್ಲವಾಗಿ, ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋಗಿದೆ. ಪಕ್ಕದ ಕ್ಷೇತ್ರದವರಿಗೆ ಕೊಟ್ಟ ಮನವಿ ಮರ್ಯಾದೆಯಿಂದಲೇ ಮೂಲೆ ಸೇರುತ್ತದೆ.

‘ದಯಮಾಡಿ ಸಮಸ್ಯೆ ಬಗೆಹರಿಸಿಕೊಡಿ’ ಎಂದು ಮುಗಿಸಬೇಡಿ. ಸಂಕ ಕಟ್ಟುವವರು ಶಾಸಕರಲ್ಲ. ಅವರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅದರಲ್ಲಿ ಕಾಮಗಾರಿಯನ್ನು ಅವರು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಜಿಲ್ಲಾಡಳಿತದ್ದು. ಹಾಗಾಗಿ ಅವರು ಮಾಡಬಹುದಾದುದನ್ನೇ ಕೇಳಿ: ‘ಎಂಜಿನಿಯರರಿಂದ ಸ್ಥಳ ಪರಿಶೀಲನೆ ಮಾಡಿಸಿ, ಅಂದಾಜು ಪಟ್ಟಿ ತರಿಸಿ, ತಮ್ಮ ನಿಧಿಯಿಂದ ಶಿಫಾರಸು ಮಾಡಬೇಕು.’ ಲೋಕೋಪಯೋಗಿ ಇಲಾಖೆಯ ‘ಶಾಲಾ ಸಂಪರ್ಕ ಸೇತು’ ಯೋಜನೆಯಲ್ಲಿ ಮಲೆನಾಡಿನಲ್ಲಿ ಕಾಲುಸಂಕಗಳಾಗಿವೆ, ಅದನ್ನೂ ಹೆಸರಿಸಿ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಆದರೆ ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿ ಬೈಂದೂರು ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಸಣ್ಣ ಸಂಕಕ್ಕೆ ಶಾಸಕರೇ ಹತ್ತಿರದ ದಾರಿ ಎಂಬುದು ನನ್ನ ಅಭಿಪ್ರಾಯ.

ದಾರಿ ಅರಣ್ಯ ಜಾಗದಲ್ಲಿದೆಯೇ? ನಮ್ಮ ಕಡೆ ಮಂಜೂರಾದ ಕೆಲಸವೂ ನಿಲ್ಲುವುದು ಇಲ್ಲೇ. ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(2) ರಸ್ತೆ, ಶಾಲೆಯಂಥ 13 ಬಗೆಯ ಸೌಕರ್ಯಗಳಿಗೆ ಅರಣ್ಯ ಭೂಮಿ ಬಳಸಲು ಅವಕಾಶ ಕೊಡುತ್ತದೆ. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ನಿಮ್ಮ ಸಂಕ ಇದರಡಿ ಬರುತ್ತದೆಯೇ ಎಂದು ವಲಯ ಅರಣ್ಯಾಧಿಕಾರಿಯನ್ನು ಮೊದಲೇ ಕೇಳಿ, ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಅದರ ಪ್ರತಿಯನ್ನು ಮನವಿಗೆ ಲಗತ್ತಿಸಿ. ನಿರ್ಣಯವಿರುವ ಮನವಿಯನ್ನು ‘ಅರಣ್ಯದ ತಕರಾರಿದೆ’ ಎಂದು ವಾಪಸ್ ಕಳಿಸುವುದು ಅಷ್ಟು ಸುಲಭವಲ್ಲ.

ಜುಲೈನಲ್ಲಿ ಹಳ್ಳ ತುಂಬಿದಾಗ ಫೋಟೊ ತೆಗೆಯಿರಿ, ಪತ್ರವನ್ನು ಮಳೆ ಬಿಟ್ಟ ಮೇಲೆ ಕೊಡಿ. ಆಗ ಎಂಜಿನಿಯರ್ ಬಂದು ಅಳತೆ ತೆಗೆಯಬಹುದು, ಬೇಸಿಗೆಯೊಳಗೆ ಕೆಲಸಕ್ಕೂ ಸಮಯವಿರುತ್ತದೆ. ಊರು, ಪಂಚಾಯಿತಿ, ಸರ್ವೆ ನಂಬರ್, ಶಾಲೆಗೆ ಹೋಗುವ ಮಕ್ಕಳ ಸಂಖ್ಯೆ, ಸುತ್ತುದಾರಿ ಎಷ್ಟು ಕಿಲೋಮೀಟರ್, ಒಬ್ಬರ ದೂರವಾಣಿ ಸಂಖ್ಯೆ ಇವಿಷ್ಟು ಒಂದೇ ಪುಟದಲ್ಲಿರಲಿ. ‘ಬಡವರ ಬಂಧು, ಅಭಿವೃದ್ಧಿಯ ಹರಿಕಾರ’ ಎಂಬ ಬಿರುದುಗಳಿಗೆ ಮೂರು ಸಾಲು ಖರ್ಚು ಮಾಡುವವರೇ ಸರ್ವೆ ನಂಬರ್ ಮರೆಯುತ್ತಾರೆ! ಕಚೇರಿಯಲ್ಲಿ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ತಿಂಗಳಾದ ಮೇಲೆ ಆ ದಿನಾಂಕ ನಮೂದಿಸಿ, ಪತ್ರ ಯಾವ ಇಲಾಖೆಗೆ ಹೋಗಿದೆ ಎಂದು ಕೇಳಿ. ಇಲಾಖೆ ಗೊತ್ತಾದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕಡತದ ಸ್ಥಿತಿ ಕೇಳಬಹುದು; ಉತ್ತರಕ್ಕೆ 30 ದಿನಗಳ ಗಡುವಿದೆ.

ಪ್ರಶ್ನೆ: ಮಾದರಿ ಪತ್ರ ಮುದ್ರಿಸಿ ಐವತ್ತು ಜನ ಕಳಿಸಿದರೆ ತೂಕ ಹೆಚ್ಚುವುದೇ?

ಉತ್ತರ: ಹೆಚ್ಚುವುದಿಲ್ಲ. ಐವತ್ತು ಸಹಿಗಳ ಒಂದು ಪತ್ರ ಸಾಕು. ಜೊತೆಗೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರದೊಂದು, ಸಂಕ ದಾಟಿಸಲು ಮಗುವಿನ ಕೈ ಹಿಡಿದು ದಿನವೂ ಹೋಗುವ ತಾಯಿಯೊಬ್ಬರದೊಂದು ಕೈಬರಹದ ಪತ್ರ ಸೇರಿಸಿ.