ಹಂಪಿಗೆ ನಾಲ್ಕು ಸಲ ಹೋದವರಿಗೆ

ಪ್ರಶ್ನೆ: ಬಿಕಾಂ ಮುಗಿಸಿದ್ದೇನೆ. ಪರಂಪರೆ, ಸ್ಮಾರಕ ಅಂದರೆ ಪ್ರಾಣ. ಹಂಪಿಗೆ ನಾಲ್ಕು ಸಲ ಹೋಗಿದ್ದೇನೆ. ಈ ವಿಷಯದಲ್ಲಿ ಎಂಎ ಮಾಡಿದರೆ ಕೆಲಸ ಗ್ಯಾರಂಟಿನಾ ಸರ್?

ಉತ್ತರ: ಈ ತಿಂಗಳು ಇದೇ ಪತ್ರ ಬೇರೆ ಬೇರೆ ಕೈಬರಹದಲ್ಲಿ ಬಂದಿದೆ. ಹಂಪಿ ಮಾತ್ರ ಕೆಲವರಿಗೆ ಬೇಲೂರು ಆಗಿದೆ, ಅಷ್ಟೇ.

ಗ್ಯಾರಂಟಿ ಇಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವದ ವಿಭಾಗವಿದೆ. ಧಾರವಾಡದಲ್ಲಿ ಶಾಸನಶಾಸ್ತ್ರವನ್ನೂ ಸೇರಿಸಿ ಕಲಿಸುತ್ತಾರೆ. ಬಿಕಾಂನವರನ್ನು ತೆಗೆದುಕೊಳ್ಳುತ್ತಾರಾ ಅಂತ ಆಯಾ ವರ್ಷದ ಪ್ರಕಟಣೆ ನೋಡಿ, ನನಗೆ ಬರೆಯಬೇಡಿ. ಪುರಾತತ್ವ ಸರ್ವೇಕ್ಷಣ ಇಲಾಖೆ ಗ್ರೇಟರ್ ನೋಯ್ಡಾದಲ್ಲಿ ನಡೆಸುವ ಎರಡು ವರ್ಷದ ಡಿಪ್ಲೊಮಾಗೆ ಮೊದಲು ಎಂಎ ಆಗಿರಬೇಕು.

ಈಗ ನನ್ನ ಪ್ರಶ್ನೆ. ನಿಮ್ಮೂರಿನ ವೀರಗಲ್ಲು ಎಲ್ಲಿದೆ? ಬಸ್ ನಿಲ್ದಾಣದ ಹಿಂದೆಯಾ? ಯಾರದೋ ಮನೆ ಮುಂದೆ ಬಟ್ಟೆ ಒಗೆಯುವ ಕಲ್ಲಾಗಿದೆಯಾ? ಹಂಪಿ ನೋಡಲು ಟಿಕೆಟ್ ಸಾಕು. ಈ ಕಲ್ಲು ನೋಡಲು ಆ ಮನೆಯವರ ಹತ್ತಿರ ಮಾತಾಡಬೇಕು. ಪಬ್ಲಿಕ್ ಹಿಸ್ಟರಿ, ಅಂದರೆ ಜನರ ನಡುವೆ ಜನರ ಜೊತೆ ಸೇರಿ ಇತಿಹಾಸ ಕಟ್ಟುವ ಕೆಲಸದಲ್ಲಿ ಮುಕ್ಕಾಲು ಪಾಲು ಆ ಮಾತೇ.

ಇದನ್ನು ನಾನು ಏಟು ತಿನ್ನುವಷ್ಟು ಹತ್ತಿರ ಹೋಗಿ ಕಲಿತೆ. ಎಂಎ ಓದುವಾಗ ಗೆಳೆಯನ ಜೊತೆ ಒಂದು ಹಳ್ಳಿಗೆ ಶಾಸನದ ಪಡಿಯಚ್ಚು, ಅಂದರೆ ಅಕ್ಷರಗಳ ಅಚ್ಚನ್ನು ಕಾಗದದ ಮೇಲೆ ತೆಗೆಯಲು ಹೋಗಿದ್ದೆ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟುತ್ತಿದ್ದೆವು. ಸದ್ದು ಕೇಳಿ ಜನ ಬಂದರು. ನಿಧಿ ಕಳ್ಳರು ಅಂತ ಸಂಜೆವರೆಗೆ ದೇವಸ್ಥಾನದ ಕಟ್ಟೆ ಮೇಲೆ ಕೂರಿಸಿದರು. ಮೊದಲು ಊರ ಹಿರಿಯರನ್ನು ಕಂಡು ಬನ್ನಿ ಅಂತ ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ. ತಪ್ಪು ಊರವರದ್ದಲ್ಲ, ನಮ್ಮದೇ.

ಬೆಂಗಳೂರಿನ ಹೆಬ್ಬಾಳದ ಕಿಟ್ಟಯ್ಯ ಅನ್ನುವ ವೀರನ ಶಾಸನ ಸುಮಾರು ಕ್ರಿ.ಶ. 750ರದ್ದು, ಗಂಗರ ರಾಜ ಶ್ರೀಪುರುಷನ ಕಾಲದ್ದು. 2018ರಲ್ಲಿ ಅದು ಜನರ ಕಣ್ಣಿಗೆ ಬಿತ್ತು. ಆಸಕ್ತರೂ ಅಲ್ಲಿನ ನಿವಾಸಿಗಳೂ ಸೇರಿ ಅದಕ್ಕೆ ಮಂಟಪ ಮಾಡಿಸಿದರು. ಅಕ್ಷರ ಓದಬಲ್ಲವರು ಕೆಲವರೇ. ಆದರೆ ಕಲ್ಲು ನಮ್ಮದು ಅಂತ ಬೀದಿಗೆ ಬೀದಿಯೇ ಅಂದುಕೊಂಡಿತಲ್ಲ, ಕಲ್ಲು ಉಳಿದಿದ್ದು ಅದರಿಂದ.

ಅದಕ್ಕೇ ಅರ್ಜಿ ಹಾಕುವ ಮೊದಲು ಮೂರು ತಿಂಗಳು ಒಂದೇ ಒಂದು ಕಲ್ಲಿನ ಹಿಂದೆ ಬೀಳಿ. ಅಳತೆ ತೆಗೆಯಿರಿ. ಶಾಸನಗಳನ್ನು ಅಚ್ಚು ಹಾಕಿರುವ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟದಲ್ಲಿ ನಿಮ್ಮ ತಾಲ್ಲೂಕು ತೆಗೆದು, ಆ ಕಲ್ಲಿನ ಬರಹ ಅಚ್ಚಾಗಿದೆಯಾ ಹುಡುಕಿ. ಯಾರು ಎಣ್ಣೆ ಹಚ್ಚುತ್ತಾರೆ, ಯಾಕೆ, ಅದಕ್ಕೇನು ಕಥೆ ಹೇಳುತ್ತಾರೆ, ಬರೆದುಕೊಳ್ಳಿ. ಕಥೆ ಶಾಸನಕ್ಕೆ ಹೊಂದದಿದ್ದರೆ ಅಲ್ಲೇ ತಿದ್ದಲು ಹೋಗಬೇಡಿ, ಅದನ್ನೂ ಬರೆದುಕೊಳ್ಳಿ. ಇಷ್ಟಾದ ಮೇಲೂ ಬೇಜಾರಾಗದಿದ್ದರೆ ಸೇರಿ. ಆದರೂ ಲೆಕ್ಕ ಬರೆಯುವ ಟ್ಯಾಲಿ ಮರೆಯಬೇಡಿ. ಖಾಯಂ ಹುದ್ದೆಗೆ ಕಾಯುವ ವರ್ಷಗಳಲ್ಲಿ ಬಾಡಿಗೆ ಕಟ್ಟಬೇಕಲ್ವಾ?

ಪ್ರಶ್ನೆ: ಕಲ್ಲಿನ ಮೇಲೆ ಸೂರ್ಯ ಚಂದ್ರ ಇದ್ದರೆ ಕೆಳಗೆ ನಿಧಿ ಇದೆ ಅಂತ ಒಬ್ಬರು ಗುರೂಜಿ ಹೇಳಿದರು.

ಉತ್ತರ: ಗುರೂಜಿಗೆ ಓದಲು ಬರುವುದಿಲ್ಲ. ಸೂರ್ಯ ಚಂದ್ರರು ಇರುವವರೆಗೆ ಈ ದಾನ ನಡೆಯಲಿ ಅಂತ ಆ ಗುರುತು. ದಾನದ ಭೂಮಿ ಕಿತ್ತುಕೊಂಡವನು 60 ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಅಂತ ಎಷ್ಟೋ ಶಾಸನಗಳ ಕೊನೆಯಲ್ಲಿದೆ. ಅದನ್ನು ಅವರಿಗೆ ಓದಿ ಹೇಳಿ. ಇಂಥವರ ಮಾತು ಕೇಳಿ ಒಡೆದ ನಂದಿಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಇನ್ನು ಅಗೆಯುವಾಗ ಆಕಸ್ಮಿಕವಾಗಿ ಏನಾದರೂ ಸಿಕ್ಕರೂ ಅದು ನಿಮ್ಮ ಜೇಬಿಗಲ್ಲ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1878ರಿಂದಲೇ ಕಾನೂನಿದೆ.

ಪ್ರಶ್ನೆ: ಅಕ್ಷರ ಸ್ಪಷ್ಟವಾಗಲು ಪೇಂಟ್ ತುಂಬಬಹುದಾ?

ಉತ್ತರ: ಬೇಡ. ಸಂಜೆಯ ಓರೆ ಬಿಸಿಲಲ್ಲಿ ನೋಡಿ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಹಳೇ ನಾಣ್ಯ ಸಿಕ್ಕಿದೆ. ಎಷ್ಟು ಲಕ್ಷ ಬರುತ್ತದೆ?

ಉತ್ತರ: ನಾನು ಅಂಗಡಿ ಇಟ್ಟಿಲ್ಲ.