ಕಂಪ್ಯೂಟರ್ ಪ್ರಶ್ನೋತ್ತರ: ನಿಲ್ಲಲ್ಲ ಅಂದ ಸರ್ವರ್ ಯಾಕೆ ನಿಂತಿತು?

ಪ್ರಶ್ನೆ: ನಮ್ಮದು ಅಡಿಕೆ ಬೆಳೆಗಾರರ ಸಣ್ಣ ಸಹಕಾರ ಸಂಘ. ತೂಕ, ಬಿಲ್ಲು, ಸದಸ್ಯರ ಖಾತೆ ಎಲ್ಲವೂ ಒಂದೇ ಸರ್ವರಿನಲ್ಲಿದೆ. ಕೊಳ್ಳುವಾಗ 'ಮೂರು ಡಿಸ್ಕ್, ಎರಡು ಪವರ್ ಸಪ್ಲೈ ಇದೆ, ಒಂದು ಕೆಟ್ಟರೂ ನಿಲ್ಲಲ್ಲ' ಅಂದಿದ್ದರು. ಹೋದ ತಿಂಗಳು ಟೆಂಡರ್ ದಿನವೇ ನಿಂತುಬಿಟ್ಟಿತು. ರಿಪೇರಿಗೆ ಬಂದ ಹುಡುಗ, ಒಂದು ಡಿಸ್ಕ್ ಸತ್ತು ಎಷ್ಟೋ ತಿಂಗಳಾಗಿದೆ, ಈಗ ಹೋಗಿದ್ದು ಎರಡನೆಯದು ಅಂದ. ಮುಂದೆ ಕಿತ್ತಳೆ ದೀಪ ಉರಿಯುತ್ತಿದ್ದದ್ದು ನಿಜ, ಚಾಲೂ ಇದೆ ಅಂತ ತೋರಿಸುವ ದೀಪ ಅಂದುಕೊಂಡಿದ್ದೆವು. ಧೂಳು ಬೀಳದಿರಲಿ ಅಂತ ಮೇಲೊಂದು ಟವೆಲ್ ಬೇರೆ ಹೊದಿಸಿದ್ದೆವು. ನಾವು ಮೋಸ ಹೋದೆವಾ?
— ಸಂಘದ ಗುಮಾಸ್ತರು, ಚನ್ನಗಿರಿ

ಉತ್ತರ: ಮೊದಲು ಟವೆಲ್ ತೆಗೆಯಿರಿ. ಒಳಗಿನ ಬಿಸಿ ಹೊರಗೆ ಹೋಗಬೇಕಲ್ವಾ?

ಮೋಸ ಅಂತ ಹೇಳಲಾರೆ. ಒಂದು ಕೆಟ್ಟರೆ ನಿಲ್ಲಲ್ಲ ಅಂದರು, ನಿಲ್ಲಲೂ ಇಲ್ಲ. ಆದರೆ ಒಂದು ಕೆಟ್ಟಿದೆ ಅಂತ ನಿಮಗೆ ಹೇಳುವವರು ಯಾರು ಅನ್ನುವುದನ್ನು ಯಾರೂ ಯೋಚಿಸಲಿಲ್ಲ. ಸಾದಾ ಕಂಪ್ಯೂಟರಿನ ಡಿಸ್ಕ್ ಹೋದರೆ ಐದು ನಿಮಿಷದಲ್ಲಿ ಇಡೀ ಆಫೀಸಿಗೆ ಗೊತ್ತಾಗುತ್ತದೆ. ಇಂಥ ಸರ್ವರಿನಲ್ಲಿ ಮೊದಲ ಪೆಟ್ಟಿಗೆ ಕೆಲಸ ನಿಲ್ಲುವುದೇ ಇಲ್ಲ, ನೀವು ನೋಡಿದ ಆ ಕಿತ್ತಳೆ ದೀಪದಂಥ ಸೂಚನೆ ಅಷ್ಟೇ. ಲಾರಿಯ ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನ ಟೈರ್ ಪಂಚರ್ ಆದರೂ ಲೋಡ್ ಹೊತ್ತು ಓಡುತ್ತಲೇ ಇರುತ್ತದೆ, ಡ್ರೈವರ್ ಇಳಿದು ತಟ್ಟಿ ನೋಡಿದರಷ್ಟೇ ತಿಳಿಯುವುದು.

ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವ ಏರ್ಪಾಡಿಗೆ ರೇಡ್ ಅನ್ನುತ್ತಾರೆ. ನಿಮ್ಮದು ಮೂರು ಡಿಸ್ಕಿನ ರೇಡ್ 5 ಇರಬೇಕು. ಅದು ಒಂದು ಡಿಸ್ಕ್ ಹೋದರೆ ತಡೆಯುತ್ತದೆ, ಎರಡಾದರೆ ಇಲ್ಲ. ರೇಡ್ 6 ಆದರೆ ಎರಡು ಹೋದರೂ ತಡೆಯುತ್ತದೆ, ಆದರೆ ಕನಿಷ್ಠ ನಾಲ್ಕು ಡಿಸ್ಕ್ ಬೇಕು. ಇನ್ನೊಂದು ಅಪಾಯವೂ ಇದೆ. ಹೊಸ ಡಿಸ್ಕ್ ಹಾಕಿದಾಗ ಅದನ್ನು ತುಂಬಿಸಲು ಉಳಿದ ಹಳೆಯ ಡಿಸ್ಕುಗಳನ್ನು ಮೊದಲಿನಿಂದ ಕೊನೆತನಕ ಓದಬೇಕಾಗುತ್ತದೆ, ದೊಡ್ಡ ಡಿಸ್ಕಾದರೆ ಗಂಟೆಗಟ್ಟಲೆ, ಕೆಲವೊಮ್ಮೆ ಒಂದು ದಿನಕ್ಕಿಂತ ಜಾಸ್ತಿ ಹಿಡಿಯುತ್ತದೆ, ಮೂರನ್ನೂ ಒಂದೇ ದಿನ ಕೊಂಡಿದ್ದರೆ ಉಳಿದೆರಡಕ್ಕೂ ಅಷ್ಟೇ ವಯಸ್ಸಾಗಿರುತ್ತದೆ, ಆ ಹೊತ್ತಿನಲ್ಲೇ ಇನ್ನೊಂದು ಕೈಕೊಡಬಹುದು. ಹಾಗಾಗಿ ಅಷ್ಟೇ ಅಳತೆಯ ಒಂದು ಡಿಸ್ಕ್ ಬೀರುವಿನಲ್ಲಿರಲಿ. ಮೊದಲನೆಯದು ಕೆಟ್ಟ ದಿನವೇ ಬದಲಾಯಿಸಿ.

ಈಗ ನಿಮಗೆ ಸುದ್ದಿ ಮುಟ್ಟಿಸುವ ಮಾತು. ಹೆಚ್ಚಿನ ಸರ್ವರುಗಳ ಒಳಗೆ ಕಾವಲಿಗೆಂದೇ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಡೆಲ್‌ನವರು ಅದನ್ನು ಐಡ್ರಾಕ್ ಅನ್ನುತ್ತಾರೆ, ಎಚ್‌ಪಿಯವರು ಐಎಲ್‌ಒ. ಸರ್ವರ್ ಆಫ್ ಆಗಿದ್ದರೂ ಕರೆಂಟ್ ಇರುವತನಕ ಅದು ಎಚ್ಚರವಾಗಿರುತ್ತದೆ. ಫ್ಯಾನ್, ಪವರ್ ಸಪ್ಲೈ, ಡಿಸ್ಕ್, ಬಿಸಿ ಎಲ್ಲವನ್ನೂ ನೋಡಿ ಮೇಲ್ ಕಳಿಸಬಲ್ಲದು. ನಿಮ್ಮಲ್ಲಿ ಅದಕ್ಕೆ ನೆಟ್‌ವರ್ಕ್ ವೈರನ್ನೇ ಹಾಕಿರಲಿಕ್ಕಿಲ್ಲ, ಸಣ್ಣ ಊರುಗಳಲ್ಲಿ ನಾನು ನೋಡುವುದು ಇದನ್ನೇ. ವೈರ್ ಹಾಕಿಸಿ, ಪಾಸ್‌ವರ್ಡ್ ಬದಲಾಯಿಸಿ, ನಿಮಗೂ ಕಾರ್ಯದರ್ಶಿಗಳಿಗೂ ಮೇಲ್ ಬರುವಂತೆ ಮಾಡಿಸಿ. ಅದನ್ನು ನೇರವಾಗಿ ಇಂಟರ್ನೆಟ್ಟಿಗೆ ಮಾತ್ರ ತೆರೆದಿಡಬೇಡಿ.

ಅಷ್ಟಕ್ಕೇ ಬಿಡಬೇಡಿ. ಸರ್ವರ್ ಪೂರ್ತಿ ಸತ್ತರೆ ಮೇಲ್ ಕಳಿಸುವವರಾರು? ಬೇರೆ ಒಂದು ಯಂತ್ರ ಕೆಲವು ನಿಮಿಷಕ್ಕೊಮ್ಮೆ 'ಇದ್ದೀಯಾ?' ಅಂತ ಕೇಳುತ್ತಿರಬೇಕು. ಮೂಲೆಗೆ ಬಿದ್ದ ಹಳೆಯ ಪಿಸಿಗೆ ಲಿನಕ್ಸ್ ಹಾಕಿ ಜ್ಯಾಬಿಕ್ಸ್ ಅನ್ನುವ ಕಾವಲು ಸಾಫ್ಟ್‌ವೇರ್ ಕೂರಿಸಿದರೆ ಸಾಕು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಕೇಳುವ ಭಾಷೆ ಎಸ್‌ಎನ್‌ಎಂಪಿ. ಸರ್ವರ್ ತಾನಾಗಿ ಕಳಿಸುವ ಟ್ರ್ಯಾಪ್ ಸಂದೇಶ ದಾರಿಯಲ್ಲಿ ಕಳೆದುಹೋದರೂ ಹೋಗಬಹುದು, ಮತ್ತೆ ಕಳಿಸುವ ಏರ್ಪಾಡು ಸಾಮಾನ್ಯವಾಗಿ ಇರಲ್ಲ. ಅದಕ್ಕೇ ನಾವೇ ಕೇಳಿ ತಿಳಿಯುವುದೂ ಬೇಕು. ಡಿಸ್ಕುಗಳನ್ನು ಜೋಡಿಸಲು ಪ್ರತ್ಯೇಕ ರೇಡ್ ಕಾರ್ಡ್ ಇದ್ದರೆ ವಿಂಡೋಸಿಗೆ ಮೂರೂ ಸೇರಿ ಒಂದೇ ಡಿಸ್ಕಾಗಿ ಕಾಣುತ್ತದೆ, ಅಲ್ಲಿ 'ಎಲ್ಲಾ ಸರಿ ಇದೆ' ಅಂತ ಬಂದರೆ ನಂಬಬೇಡಿ. ಕಾರ್ಡಿನ ಕಂಪನಿಯ ಸಾಫ್ಟ್‌ವೇರನ್ನೇ ಕೇಳಿ. ಲಿನಕ್ಸಿನ ಸಾಫ್ಟ್‌ವೇರ್ ರೇಡ್ ಆದರೆ ಎಂಡಿಸ್ಟ್ಯಾಟ್ ಅನ್ನುವ ಫೈಲ್ ತೆರೆದು ನೋಡಿ. ಮೂರು 'ಯು' ಇರಬೇಕಾದ ಕಡೆ ಎರಡು 'ಯು', ಒಂದು ಅಡಿಗೆರೆ ಇದ್ದರೆ ಒಂದು ಡಿಸ್ಕ್ ಇಲ್ಲ ಅಂತ ಅರ್ಥ.

ಎಲ್ಲಾ ಆದ ಮೇಲೆ ಒಂದು ಸಂಜೆ ವ್ಯವಹಾರ ಮುಗಿಸಿ, ಬ್ಯಾಕಪ್ ತೆಗೆದು, ಒಂದು ಪವರ್ ಸಪ್ಲೈಯ ವೈರ್ ಬೇಕಂತಲೇ ಕಿತ್ತು ನೋಡಿ. ಫೋನಿಗೆ ಮೇಲ್ ಬರಬೇಕು. ಬರದಿದ್ದರೆ ಮೇಲಿನದೆಲ್ಲ ಸುಮ್ನೆ ಮಾಡಿದಂತೆ.

ಹಾಂ, ರೇಡ್ ಅಂದರೆ ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದ ಖಾತೆ ಮೂರೂ ಡಿಸ್ಕಿನಿಂದ ಒಟ್ಟಿಗೇ ಅಳಿಯುತ್ತದೆ.

ಪ್ರಶ್ನೆ: ನಮ್ಮ ನರ್ಸಿಂಗ್ ಹೋಮಿಗೆ 'ಫಾಲ್ಟ್ ಟಾಲರೆಂಟ್' ಸರ್ವರ್ ತಗೊಳ್ಳಿ, 99.999 ಪರ್ಸೆಂಟ್ ಗ್ಯಾರಂಟಿ ಅನ್ನುತ್ತಿದ್ದಾರೆ. ಬೇಕಾ? ಈಗಿರುವ ಸರ್ವರಿನ ಎರಡು ಪವರ್ ವೈರೂ ಒಂದೇ ಯುಪಿಎಸ್‌ಗೆ ಹೋಗುತ್ತವೆ.
— ಓದುಗರು, ಚಿತ್ರದುರ್ಗ

ಉತ್ತರ: 99.999 ಅಂದರೆ ವರ್ಷಕ್ಕೆ ಐದು ನಿಮಿಷ ಚಿಲ್ಲರೆ ಮಾತ್ರ ನಿಲ್ಲುತ್ತದೆ ಅಂತ. 99.9 ಅಂದರೆ ಸುಮಾರು ಎಂಟೂಮುಕ್ಕಾಲು ಗಂಟೆ. ನಿಜವಾದ ಫಾಲ್ಟ್ ಟಾಲರೆಂಟ್ ಯಂತ್ರ, ಅಂದರೆ ಒಳಗಿನ ಒಂದು ಭಾಗ ಕೆಟ್ಟರೂ ಕೆಲಸ ನಿಲ್ಲಿಸದ ಯಂತ್ರ, ಬೇರೆಯೇ ಜಾತಿ. ಅಮೆರಿಕದ ಟ್ಯಾಂಡಮ್ ಕಂಪನಿ 1976ರಲ್ಲೇ ಅಂಥದ್ದನ್ನು ಮಾರಲು ಶುರು ಮಾಡಿತು, ಬ್ಯಾಂಕುಗಳು ಕೊಂಡವು. ಆಮೇಲೆ ಬಂದ ಸ್ಟ್ರಾಟಸ್ ಕಂಪನಿಯ ಯಂತ್ರದಲ್ಲಿ ಎರಡು ಪ್ರೊಸೆಸರ್ ಬೋರ್ಡುಗಳು ಒಂದೇ ಕ್ಷಣಕ್ಕೆ ಒಂದೇ ಲೆಕ್ಕ ಮಾಡುತ್ತಿರುತ್ತವೆ, ಒಂದು ಕೆಟ್ಟರೆ ಇನ್ನೊಂದು ಮುಂದುವರಿಸುತ್ತದೆ, ಯಂತ್ರವೇ ಕಂಪನಿಗೆ ಸುದ್ದಿ ಕೊಡುತ್ತದೆ. ನಿಮಗೆ ತೋರಿಸುತ್ತಿರುವುದರಲ್ಲಿ ಮದರ್‌ಬೋರ್ಡ್ ಒಂದೇನಾ, ಎರಡಾ ಅಂತ ಕೇಳಿ. ಒಂದೇ ಆದರೆ ಆ ಗ್ಯಾರಂಟಿ ಬರೀ ಮಾತು.

ನನ್ನನ್ನು ಕೇಳಿದರೆ ಮೊದಲು ಆ ಯುಪಿಎಸ್ ಸರಿ ಮಾಡಿ. ಒಂದೇ ಯುಪಿಎಸ್‌ಗೆ ಎರಡು ವೈರ್ ಸಿಕ್ಕಿಸಿದರೆ ಎರಡು ಸಪ್ಲೈ ಇದ್ದೂ ಅರ್ಧ ಪ್ರಯೋಜನ. ಎರಡು ಯುಪಿಎಸ್ ಇರಲಿ, ಬೇರೆ ಬೇರೆ ಲೈನಿನಿಂದ ಬರಲಿ. ಪ್ರತಿಯೊಂದೂ ಪೂರ್ತಿ ಲೋಡ್ ಒಂಟಿಯಾಗಿ ಹೊರುವಂತಿರಬೇಕು, ಅಂದರೆ ದಿನಾ ಅರ್ಧಕ್ಕಿಂತ ಕಮ್ಮಿಯೇ ಓಡಬೇಕು. ಇದನ್ನು ಯಾರೂ ನೋಡಲ್ಲ, ಒಂದು ಹೋದಾಗ ಇನ್ನೊಂದು ಓವರ್‌ಲೋಡ್ ಆಗಿ ಅದೂ ಮಲಗುತ್ತದೆ. ಯುಪಿಎಸ್‌ನ ಲೆಡ್ ಆಸಿಡ್ ಬ್ಯಾಟರಿ ಸಾಮಾನ್ಯವಾಗಿ ಬಾಳುವುದು ಮೂರರಿಂದ ಐದು ವರ್ಷ. ನಿಮ್ಮ ದುರ್ಗದ ಏಪ್ರಿಲ್ ಬಿಸಿಲಿಗೆ ಮುಚ್ಚಿದ ಕೋಣೆಯಲ್ಲಿಟ್ಟರೆ ಅಷ್ಟೂ ಬಾಳಲ್ಲ. ಸರ್ವರ್ ಕೋಣೆ 27 ಡಿಗ್ರಿಯೊಳಗೆ ಇರಲಿ.

ಪ್ರಶ್ನೆ: ನಮ್ಮ ಕಾಲೇಜಿನ ಸರ್ವರಿನಿಂದ ದಿನಕ್ಕೆ ರಾಶಿ ಅಲರ್ಟ್ ಮೇಲ್ ಬರುತ್ತವೆ. ಈಗ ಯಾರೂ ತೆರೆಯುವುದೇ ಇಲ್ಲ.
— ಲ್ಯಾಬ್ ಸಹಾಯಕರು, ದಾವಣಗೆರೆ

ಉತ್ತರ: ಅರ್ಧ ಬಂದ್ ಮಾಡಿ. ಪ್ರೊಸೆಸರ್ ಎರಡು ನಿಮಿಷ 90 ಪರ್ಸೆಂಟ್ ಓಡಿತು ಅನ್ನುವುದಕ್ಕೆಲ್ಲ ಮೇಲ್ ಬೇಡ, ಹದಿನೈದು ನಿಮಿಷ ಹಾಗೇ ಇದ್ದರೆ ನೋಡೋಣ. ಡಿಸ್ಕ್, ಪವರ್ ಸಪ್ಲೈ, ಫ್ಯಾನ್, ಬಿಸಿ, ಈ ನಾಲ್ಕಕ್ಕೆ ಮಾತ್ರ ಫೋನಿಗೆ ಮೆಸೇಜ್. ಮೆಮೊರಿಯಲ್ಲಿ ತಪ್ಪಾಗಿ ತಾನೇ ಸರಿಪಡಿಸಿಕೊಂಡೆ ಅಂತ ಅಪರೂಪಕ್ಕೆ ಒಂದು ಬಂದರೆ ಪರವಾಗಿಲ್ಲ, ಒಂದೇ ಸ್ಲಾಟಿನಿಂದ ಪದೇ ಪದೇ ಬಂದರೆ ಆ ರ‍್ಯಾಮ್ ಬದಲಾಯಿಸಿ. ಜೊತೆಗೆ ಬೆಳಗ್ಗೆ ಒಂಬತ್ತಕ್ಕೆ 'ನಾನು ಚೆನ್ನಾಗಿದ್ದೇನೆ' ಅಂತ ಒಂದೇ ಮೇಲ್ ಬರುವಂತೆ ಮಾಡಿ. ಅದು ಬರದ ದಿನ ಎದ್ದು ಹೋಗಿ ನೋಡಿ.